ಕೋಶ ಸತ್ತಿತು ಅಂತ ಬರೆಯುವ ಮೊದಲು

ಹೋದ ನವೆಂಬರ್‌ನಲ್ಲಿ ಎಂಎಸ್ಸಿ ಪ್ರಾಜೆಕ್ಟಿಗೆ ಬಂದ ಹುಡುಗಿಯೊಬ್ಬಳು ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು, ಉಡಿ ತುಂಬುವ ತಟ್ಟೆ ತಂದ ಹಾಗೆ. "ಅಕ್ಕಾ, ಎಲ್ಲಾ ಸತ್ತಾವ್ರಿ!"

96 ವೆಲ್‌ಗಳ, ಅಂದರೆ ಪುಟ್ಟ ಗುಳಿಗಳ, ಪ್ಲೇಟು. ಎಡಗಡೆ ಕಡು ನೇರಳೆ, ಬಲಕ್ಕೆ ಹೋದ ಹಾಗೆ ತಿಳಿ, ಕೊನೆಗೆ ಬಣ್ಣವೇ ಇಲ್ಲ. ಬೀದರ್ ಕಡೆಯ ಗುಡ್ಡದಿಂದ ತಂದ ಸೀತಾಫಲದ ಎಲೆಯ ಎಕ್ಸ್‌ಟ್ರ್ಯಾಕ್ಟನ್ನು ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ 48 ಗಂಟೆ ಬಿಟ್ಟಿದ್ದಳು.

"ಸತ್ತಾವ ಅಂತ ಯಾರು ಹೇಳಿದ್ರು?" ಅಂದೆ. ಮುಖ ಸಣ್ಣದಾಯಿತು.

ಕಲಬುರಗಿಯಲ್ಲಿ ಈ ಕೋಶ ಸಾಕುವ ಕೆಲಸಕ್ಕೆ ಬಿದ್ದು ನನಗೆ ಒಂಬತ್ತು ವರ್ಷ. ಪ್ರತಿ ವರ್ಷ ಇದೇ ಪ್ಲೇಟು, ಇದೇ ಖುಷಿ, ಇದೇ ಪ್ರಶ್ನೆ. ಅದಕ್ಕೇ ಈ ಸಲ ಬರೆದಿಡುತ್ತಿದ್ದೇನೆ. ಲ್ಯಾಬಿಗೆ ಹೊಸದಾಗಿ ಬರುವವರು ಮೊದಲು ಇದನ್ನು ಓದಿ, ಆಮೇಲೆ ಪಿಪೆಟ್ ಮುಟ್ಟಿ.

ಆ ಪ್ಲೇಟಿನಲ್ಲಿ ಅವಳು ಮಾಡಿದ್ದು ಎಂಟಿಟಿ ಪರೀಕ್ಷೆ. 1983ರಿಂದ ಎಲ್ಲರೂ ಮಾಡುತ್ತಾ ಬಂದದ್ದು. ಎಂಟಿಟಿ ಅನ್ನುವ ರಾಸಾಯನಿಕ ಹಳದಿ. ಬದುಕಿರುವ ಕೋಶದೊಳಗೆ ಹೋದರೆ ನೇರಳೆ ಹರಳಾಗುತ್ತದೆ. ಆದರೆ ಆ ನೇರಳೆ ಮಾಡುವುದು ಕೋಶದ ಜೀವವಲ್ಲ, ಅದರ ದುಡಿಮೆ. ಮುಖ್ಯವಾಗಿ ಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ದುಡಿಮೆ. ನೇರಳೆ ಕಡಿಮೆಯಾದರೆ ಕೋಶ ಸತ್ತಿರಬಹುದು. ಸಾಯದೆ, ಒಂದು ಎರಡಾಗಿ ಬೆಳೆಯುವುದನ್ನು ನಿಲ್ಲಿಸಿ ಕೂತಿರಬಹುದು. ಇಲ್ಲವೇ ದುಡಿಮೆ ಮಾತ್ರ ನಿಂತಿರಬಹುದು. ಸೀತಾಫಲದ ವಿಷಯದಲ್ಲಂತೂ ಈ ಮೂರನೆಯ ಅನುಮಾನ ಜೋರು. ಅದರ ಎಲೆ, ಬೀಜದಲ್ಲಿರುವ ಅಸಿಟೋಜೆನಿನ್‌ಗಳು ಮೈಟೊಕಾಂಡ್ರಿಯಾದ ಉಸಿರಾಟದ ಸರಪಳಿಯಲ್ಲಿ ಮೊದಲ ಕೊಂಡಿಯನ್ನೇ ಹಿಡಿದು ನಿಲ್ಲಿಸುತ್ತವೆ. ಮೇ ತಿಂಗಳ ಮಧ್ಯಾಹ್ನ ನಮ್ಮ ಬಜಾರಿನಲ್ಲಿ ಅರ್ಧ ಅಂಗಡಿಗಳ ಶಟರ್ ಇಳಿದಿರುತ್ತದೆ. ಅಂಗಡಿಯವರೆಲ್ಲ ಸತ್ತರು ಅಂತೀರಾ? ಊಟ ಮಾಡಿ ಮಲಗಿರುತ್ತಾರೆ, ಅಷ್ಟೇ.

ಸತ್ತರೂ ಹೇಗೆ ಸತ್ತಿತು ಅನ್ನುವುದು ಬೇರೆ ಪ್ರಶ್ನೆ. ನಮ್ಮೂರು ಆಳಂದ ತಾಲೂಕಿನ ಹಳ್ಳಿ. ಅಲ್ಲಿ ಹಳೆ ಮನೆ ಇಲ್ಲವಾಗುವುದು ಎರಡು ಥರ. ಒಂದು, ಮಾಲೀಕರೇ ನಿಂತು ಬಿಚ್ಚಿಸುತ್ತಾರೆ. ಮೊದಲು ಬಾಗಿಲು ಚೌಕಟ್ಟು, ಆಮೇಲೆ ತೊಲೆ, ಕೊನೆಗೆ ನೆಲದ ಶಹಾಬಾದ್ ಕಲ್ಲು. ಒಂದೊಂದನ್ನೂ ಎಬ್ಬಿಸಿ, ಒಟ್ಟಿ, ಬೇಕಾದವರು ಹೊತ್ತೊಯ್ಯುತ್ತಾರೆ. ಪಕ್ಕದ ಮನೆಗೆ ಧೂಳೂ ಹೋಗುವುದಿಲ್ಲ. ಇನ್ನೊಂದು, ಮಳೆಗೆ ಗೋಡೆ ನೆನೆದು ರಾತ್ರಿ ಧಡಕ್ಕನೆ ಕೂರುತ್ತದೆ. ಮಣ್ಣೆಲ್ಲ ಪಕ್ಕದವರ ಅಂಗಳಕ್ಕೆ. ಮೊದಲನೆಯದು ಅಪೊಪ್ಟೋಸಿಸ್, ಎರಡನೆಯದು ನೆಕ್ರೋಸಿಸ್. ಅಪೊಪ್ಟೋಸಿಸ್ ಹೆಸರನ್ನು 1972ರಲ್ಲಿ ಕೆರ್, ವೈಲಿ, ಕರಿ ಅನ್ನುವ ಮೂವರು ಇಟ್ಟರು. ಗ್ರೀಕ್‌ನಲ್ಲಿ ಎಲೆ ಉದುರುವುದು ಅಂತ ಅರ್ಥ. ಶಿವರಾತ್ರಿ ಹೊತ್ತಿಗೆ ಬೇವಿನ ಮರ ಮಾಡುವುದನ್ನು ನೋಡಿದವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಕ್ಯಾನ್ಸರ್ ಅಂದರೆ ಉದುರಬೇಕಾದ ಎಲೆ ಉದುರದೆ ಕೂತದ್ದು. ಅದನ್ನು ಉದುರಿಸುವ ಗುಂಡಿ ಎಲ್ಲಿದೆ, ಯಾವ ತಂತಿ ಕಡಿದಿದೆ ಅಂತ ಹುಡುಕುವುದೇ ನಮ್ಮ ಕೆಲಸ.

ಮೊದಲು ಕೋಶ. ಒಂದೇ ಕೋಶಸಾಲಿನ (ಲ್ಯಾಬಿನಲ್ಲಿ ಬೆಳೆಸುತ್ತಲೇ ಬಂದ ಒಂದೇ ಮೂಲದ ಕೋಶಗಳ) ಮೇಲೆ ಪ್ರಯೋಗ ಮಾಡಿ "ಸ್ತನ ಕ್ಯಾನ್ಸರ್" ಅಂತ ಬರೆಯಬೇಡಿ. ಕನಿಷ್ಠ ಎರಡು ಇಟ್ಟುಕೊಳ್ಳಿ. ಎಂಸಿಎಫ್-7 ಒಂದು. ಅದಕ್ಕೆ ಈಸ್ಟ್ರೊಜೆನ್ ಗ್ರಾಹಕ ಇದೆ, ಆ ಗ್ರಾಹಕವನ್ನು ತಡೆಯುವ ಔಷಧಿ ಟ್ಯಾಮಾಕ್ಸಿಫೆನ್ ಮಾತು ಕೇಳುತ್ತದೆ, ಕೆಟ್ಟ ಕೋಶವನ್ನು ತಡೆಯುವ ಕಾವಲು ಪ್ರೊಟೀನು ಪಿ53 ಸರಿಯಾಗಿದೆ. ಎಂಡಿಎ-ಎಂಬಿ-231 ಇನ್ನೊಂದು. ಟ್ರಿಪಲ್ ನೆಗೆಟಿವ್ (ಈಸ್ಟ್ರೊಜೆನ್, ಪ್ರೊಜೆಸ್ಟೆರಾನ್ ಗ್ರಾಹಕಗಳಿಲ್ಲ, ಹರ್-2 ಪ್ರೊಟೀನೂ ಹೆಚ್ಚಿಲ್ಲ), ಪಿ53 ಕೆಟ್ಟಿದೆ, ಜಗಮೊಂಡ. ಇವೆರಡರ ಜೊತೆ ಕ್ಯಾನ್ಸರ್ ಅಲ್ಲದ ಸ್ತನ ಕೋಶ, ಎಂಸಿಎಫ್-10ಎ, ಸಿಕ್ಕರೆ ಬಹಳ ಒಳ್ಳೆಯದು. ಬ್ಲೀಚಿಂಗ್ ಪೌಡರ್ ಹಾಕಿದರೂ ಕ್ಯಾನ್ಸರ್ ಕೋಶ ಸಾಯುತ್ತದೆ. ಒಳ್ಳೆಯ ಕೋಶವನ್ನು ಬಿಟ್ಟು ಕೆಟ್ಟದ್ದನ್ನಷ್ಟೇ ಹಿಡಿಯುತ್ತದೆಯೇ ಅನ್ನುವುದು ಮುಖ್ಯ, ಅಲ್ವಾ?

ನಮ್ಮ ಕೋಶಗಳು ಬರುವುದು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ, ಎನ್‌ಸಿಸಿಎಸ್‌ನಿಂದ. ಒಂದು ಸಲ ನಾನೇ ಹೋಗಿ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ತಂದೆ. ಫ್ಲಾಸ್ಕಿನ ಕಂಠದವರೆಗೆ ಗುಲಾಬಿ ಬಣ್ಣದ ಮೀಡಿಯಂ, ಅಂದರೆ ಕೋಶಗಳ ಊಟದ ದ್ರಾವಣ, ತುಂಬಿರುತ್ತದೆ, ಕುಲುಕಾಡಿ ನೊರೆ ಬರಬಾರದು ಅಂತ. ಸೊಲ್ಲಾಪುರ ದಾಟಿದ ಮೇಲೆ ಎದುರು ಸೀಟಿನ ಅಜ್ಜಿ, "ಏನ್ ಶರಬತ್ತೇನವ್ವಾ?" ಅಂತ ಕೇಳಿದರು. ಕ್ಯಾನ್ಸರ್ ಅಂತ ಹೇಳಿದ್ದರೆ ಸೀಟು ಬದಲಿಸುತ್ತಿದ್ದರೋ ಏನೋ. ಔಷಧಿ ಅಂದೆ.

ಆ ಗುಲಾಬಿ ಬಣ್ಣಕ್ಕೂ ಒಂದು ಕಥೆ ಇದೆ. ಅದು ಫೀನಾಲ್ ರೆಡ್. ಮೀಡಿಯಂ ಹುಳಿಯಾದರೆ ಹಳದಿಗೆ ತಿರುಗಿ ಎಚ್ಚರಿಸುತ್ತದೆ. ಆದರೆ ಅದಕ್ಕೆ ಈಸ್ಟ್ರೊಜೆನ್‌ನ ಗುಣ ಸ್ವಲ್ಪ ಇದೆ. ಟ್ಯಾಮಾಕ್ಸಿಫೆನ್ ಅಥವಾ ಹಾರ್ಮೋನಿನ ಥರದ ಯಾವುದನ್ನೇ ಎಂಸಿಎಫ್-7 ಮೇಲೆ ಪರೀಕ್ಷಿಸುವುದಾದರೆ ಫೀನಾಲ್ ರೆಡ್ ಇಲ್ಲದ ಮೀಡಿಯಂ, ಇದ್ದಿಲಿನಲ್ಲಿ ಶೋಧಿಸಿದ ಸೀರಂ ಬಳಸಿ. ಇಲ್ಲದಿದ್ದರೆ ಒಂದು ಕೈಯಲ್ಲಿ ಬಾಗಿಲು ಹಾಕಿ ಇನ್ನೊಂದರಲ್ಲಿ ತೆಗೆದ ಹಾಗೆ.

ಇನ್‌ಕ್ಯುಬೇಟರ್ 37 ಡಿಗ್ರಿ, 5 ಶೇಕಡ ಕಾರ್ಬನ್ ಡೈಆಕ್ಸೈಡ್. ಪುಸ್ತಕದಲ್ಲಿ ಇಷ್ಟೇ ಇರುತ್ತದೆ, ಏಕೆಂದರೆ ಪುಸ್ತಕ ಬರೆದವರು ಕಲಬುರಗಿಯಲ್ಲಿ ಬೇಸಿಗೆ ಕಳೆದಿಲ್ಲ. ಸಾಮಾನ್ಯ ಇನ್‌ಕ್ಯುಬೇಟರಿಗೆ ಬಿಸಿ ಮಾಡುವುದು ಗೊತ್ತು, ತಂಪು ಮಾಡುವುದು ಗೊತ್ತಿಲ್ಲ. ಹೊರಗೆ 42 ಡಿಗ್ರಿ ಇದ್ದು, ಎಸಿ ನಿಂತು, ಕೋಣೆ 38ಕ್ಕೆ ಏರಿದರೆ ಪೆಟ್ಟಿಗೆಯೊಳಗೆ ಇನ್ನೂ ಎರಡು ಡಿಗ್ರಿ ಜಾಸ್ತಿ. ಒಂದು ಮೇ ತಿಂಗಳಲ್ಲಿ ಹೋಲಿಕೆಗೆ ಇಟ್ಟ ನನ್ನ ಕಂಟ್ರೋಲ್ ಕೋಶಗಳೇ ದುಂಡಗಾಗಿ ಎದ್ದುಬಿಟ್ಟವು. ಔಷಧಿ ಹಾಕಿದ್ದಕ್ಕೂ ಹಾಕದ್ದಕ್ಕೂ ವ್ಯತ್ಯಾಸವೇ ಇಲ್ಲ. ಒಂದು ವಾರ ಸೀರಂ ಕೆಟ್ಟಿದೆ ಅಂತ ಬೈದುಕೊಂಡಿದ್ದೆ. ಆಮೇಲೆ ಒಳಗೆ ಬೇರೆ ಥರ್ಮಾಮೀಟರ್ ಇಟ್ಟು ನೋಡಿದೆ. ಹೊರಗಿನ ಅಂಕಿಯನ್ನು ನಂಬಬೇಡಿ. ಒಳಗೊಂದು ಥರ್ಮಾಮೀಟರ್ ಇಡಿ. ದೊಡ್ಡ ಪ್ರಯೋಗಗಳನ್ನು ಮಾರ್ಚ್ ಒಳಗೆ ಮುಗಿಸಿ. ಇನ್ನೊಂದು, ನಮ್ಮ ಗಾಳಿ ಒಣ. ಪ್ಲೇಟಿನ ಅಂಚಿನ ವೆಲ್‌ಗಳು ಬೇಗ ಆರುತ್ತವೆ. ಅವುಗಳಲ್ಲಿ ಕೋಶ ಹಾಕದೆ ಬರೀ ಬಫರ್ ತುಂಬಿ. 36 ವೆಲ್ ಹೋಗುತ್ತವೆ, ಹೋಗಲಿ.

ಎಂಟಿಟಿ ಮಾಡುವ ಕ್ರಮ ಸುಲಭ. ವೆಲ್‌ಗೆ 5,000ದಿಂದ 10,000 ಕೋಶ, 100 ಮೈಕ್ರೊಲೀಟರ್ ಮೀಡಿಯಂ. ಒಂದು ರಾತ್ರಿ ಅಂಟಿಕೊಳ್ಳಲು ಬಿಡಿ. ಮರುದಿನ ಎಕ್ಸ್‌ಟ್ರ್ಯಾಕ್ಟ್. ಅದನ್ನು ಕರಗಿಸಿದ ಡಿಎಂಎಸ್‌ಒ ಅರ್ಧ ಶೇಕಡ ಮೀರಬಾರದು, ಅಷ್ಟೇ ಡಿಎಂಎಸ್‌ಒ ಮಾತ್ರ ಹಾಕಿದ ವೆಲ್‌ಗಳೂ ಇರಬೇಕು. ಅವಧಿ ಮುಗಿದ ಮೇಲೆ ಮಿಲಿಗೆ 5 ಮಿಲಿಗ್ರಾಂ ಎಂಟಿಟಿ ದ್ರಾವಣ ವೆಲ್‌ಗೆ 10 ಮೈಕ್ರೊಲೀಟರ್. ಮೂರು ನಾಲ್ಕು ಗಂಟೆ ಕತ್ತಲೆ. ಹರಳುಗಳನ್ನು ಡಿಎಂಎಸ್‌ಒದಲ್ಲಿ ಕರಗಿಸಿ, 570 ನ್ಯಾನೊಮೀಟರಿನಲ್ಲಿ ಓದಿ. ಕೋಶವೇ ಇಲ್ಲದ, ಬರೀ ಎಕ್ಸ್‌ಟ್ರ್ಯಾಕ್ಟ್ ಮತ್ತು ಎಂಟಿಟಿ ಹಾಕಿದ ಸಾಲು ಒಂದು ಬೇಕೇ ಬೇಕು. ಗಿಡದ ಎಷ್ಟೋ ಪದಾರ್ಥಗಳು ಕೋಶದ ಸಹಾಯವಿಲ್ಲದೆ ತಾವೇ ಎಂಟಿಟಿಯನ್ನು ನೇರಳೆ ಮಾಡಿಬಿಡುತ್ತವೆ. ಆಗ ಸತ್ತ ಕೋಶವೂ ಬದುಕಿದ ಹಾಗೆ ಕಾಣುತ್ತದೆ.

ಇಷ್ಟೆಲ್ಲ ಮಾಡುವ ಮೊದಲು, ದಯವಿಟ್ಟು, ಸೂಕ್ಷ್ಮದರ್ಶಕದಲ್ಲಿ ಒಮ್ಮೆ ಇಣುಕಿ. ಈಗಿನ ಮಕ್ಕಳು ಮಷೀನಿನ ಅಂಕಿ ನೋಡುತ್ತಾರೆ, ಕೋಶ ನೋಡುವುದಿಲ್ಲ. ಅಪೊಪ್ಟೋಸಿಸ್‌ಗೆ ಹೊರಟ ಕೋಶ ಮೊದಲು ಅಕ್ಕಪಕ್ಕದವರ ಕೈ ಬಿಡುತ್ತದೆ. ಆಮೇಲೆ ಕುಗ್ಗುತ್ತದೆ. ಮೈಮೇಲೆ ಗುಳ್ಳೆಗಳೇಳುತ್ತವೆ, ಕುದಿಯುವ ಅಂಬಲಿಯ ಹಾಗೆ. ಕೊನೆಗೆ ಪೊರೆ ಸುತ್ತಿದ ಪೊಟ್ಟಣಗಳಾಗಿ ಬಿಡಿಬಿಡಿಯಾಗುತ್ತದೆ. ನೆಕ್ರೋಸಿಸ್ ಆದರೆ ಉಬ್ಬಿ ಒಡೆಯುತ್ತದೆ. ಸುಮ್ನೆ ಹತ್ತು ನಿಮಿಷ ನೋಡಿದರೂ ಮುಂದೆ ಯಾವ ಪರೀಕ್ಷೆಗೆ ದುಡ್ಡು ಹಾಕಬೇಕು ಅಂತ ಅಂದಾಜು ಸಿಗುತ್ತದೆ.

ಈಗ ಎಲ್ಲರೂ ಮಾಡುವ ತಪ್ಪು. ಅನೆಕ್ಸಿನ್ ಪರೀಕ್ಷೆಗೆ, ಅಂದರೆ ಕೋಶ ಹೇಗೆ ಸಾಯುತ್ತಿದೆ ಅಂತ ಬಣ್ಣದಿಂದ ಗುರುತಿಸುವುದಕ್ಕೆ, ಕೋಶ ತೆಗೆಯಲು ಹೇಳಿದೆ. ಹುಡುಗಿ ಫ್ಲಾಸ್ಕ್ ಎತ್ತಿದಳು, ಹಳೆಯ ಮೀಡಿಯಂ ಅನ್ನು ತ್ಯಾಜ್ಯದ ಬೀಕರಿಗೆ ಸುರಿಯಲು ಬಗ್ಗಿಸಿದಳು. ಕೈ ಹಿಡಿದೆ. "ಏನ್ ಚೆಲ್ಲಾಕತ್ತಿ?" "ಹಳೇ ಮೀಡಿಯಂರೀ." ಒಂದು ಹನಿಯನ್ನು ಸ್ಲೈಡಿಗೆ ಹಾಕಿ ತೋರಿಸಿದೆ. ಹಾಲಿಗೆ ರವೆ ಬಿದ್ದ ಹಾಗೆ ಕೋಶಗಳೇ ಕೋಶಗಳು. ಸತ್ತವು ನೆಲ ಬಿಟ್ಟು ತೇಲುತ್ತವೆ. ಅವಳು ಹೆಣಗಳನ್ನೆಲ್ಲ ಚೆಲ್ಲಿ ಬದುಕಿದವರನ್ನು ಮಾತ್ರ ಎಣಿಸಲು ಹೊರಟಿದ್ದಳು. ಆ ಮೀಡಿಯಂ ಅನ್ನು ಟ್ಯೂಬಿಗೆ ಹಾಕಿಡಿ. ತೊಳೆದ ಬಫರನ್ನೂ ಅದಕ್ಕೇ ಸೇರಿಸಿ. ಆಮೇಲೆ ಅಂಟಿದ ಕೋಶಗಳನ್ನು ಟ್ರಿಪ್ಸಿನ್ ಹಾಕಿ ಬಿಡಿಸಿ, ಅದೇ ಟ್ಯೂಬಿಗೆ ಕೂಡಿಸಿ, ಒಟ್ಟಿಗೆ ಸೆಂಟ್ರಿಫ್ಯೂಜ್ ಮಾಡಿ. ಟ್ರಿಪ್ಸಿನ್ ಹಾಕಿ ಚಹಾ ಕುಡಿಯಲು ಹೋಗಬೇಡಿ. ಜಾಸ್ತಿ ಹೊತ್ತಾದರೆ ಬದುಕಿದ ಕೋಶದ ಪೊರೆಯೂ ಹರಿಯುತ್ತದೆ, ಸತ್ತ ಲೆಕ್ಕಕ್ಕೆ ಸೇರುತ್ತದೆ.

ಅನೆಕ್ಸಿನ್ ವಿಷಯ ಹೀಗೆ. ಫಾಸ್ಫಾಟಿಡಿಲ್‌ಸೆರೀನ್ ಅನ್ನುವ ಕೊಬ್ಬು ಬದುಕಿರುವ ಕೋಶದಲ್ಲಿ ಪೊರೆಯ ಒಳಮುಖದಲ್ಲಿರುತ್ತದೆ. ಅಪೊಪ್ಟೋಸಿಸ್ ಶುರುವಾದರೆ ಹೊರಮುಖಕ್ಕೆ ಬರುತ್ತದೆ. ಮನೆ ಬಿಚ್ಚುವ ದಿನ ಒಳಗಿನ ಹಾಸಿಗೆಗಳನ್ನು ಕಟ್ಟೆಗೆ ತಂದಿಟ್ಟ ಹಾಗೆ. ಅದನ್ನು ಕಂಡು ದೇಹದ ಭಕ್ಷಕ ಕೋಶಗಳು ಬಂದು ನುಂಗಿ ಶುಚಿ ಮಾಡುತ್ತವೆ. ಹಸಿರು ಬಣ್ಣ ಕಟ್ಟಿದ ಅನೆಕ್ಸಿನ್ ಅನ್ನುವ ಪ್ರೊಟೀನು ಆ ಕೊಬ್ಬಿಗೆ ಅಂಟುತ್ತದೆ, ಹೊಳೆಯುತ್ತದೆ. ಜೊತೆಗೆ ಹಾಕುವ ಪ್ರೊಪಿಡಿಯಂ ಅಯೊಡೈಡ್ ಗೋಡೆ ಒಡೆದ ಕೋಶಕ್ಕೆ ಮಾತ್ರ ನುಗ್ಗಿ ಕೆಂಪಾಗುತ್ತದೆ. ಹಸಿರು ಮಾತ್ರ ಇದ್ದರೆ ಅಪೊಪ್ಟೋಸಿಸ್‌ನ ಆರಂಭ. ಎರಡೂ ಇದ್ದರೆ ಕೊನೆಯ ಹಂತ, ಅಥವಾ ನೆಕ್ರೋಸಿಸ್. ಎರಡೂ ಇಲ್ಲದಿದ್ದರೆ ಬದುಕಿದೆ. ಒಂದೇ ಸಮಯದಲ್ಲಿ ನೋಡಿದರೆ ಎರಡೂ ಇರುವುದು ಯಾವ ದಾರಿಯಿಂದ ಬಂತು ಅಂತ ತಿಳಿಯುವುದಿಲ್ಲ. ಅದಕ್ಕೇ 6, 12, 24, 48 ಗಂಟೆ ಹೀಗೆ ಬೇರೆ ಬೇರೆ ಹೊತ್ತಿಗೆ ತೆಗೆಯಿರಿ. ಒಂದು ಲಕ್ಷ ಕೋಶ, 100 ಮೈಕ್ರೊಲೀಟರ್ ಬಫರ್, ಎರಡೂ ಬಣ್ಣ ಐದೈದು ಮೈಕ್ರೊಲೀಟರ್, 15 ನಿಮಿಷ ಕತ್ತಲೆ, ಇನ್ನು 400 ಬಫರ್ ಸೇರಿಸಿ ಒಂದು ಗಂಟೆಯೊಳಗೆ ಮಷೀನಿಗೆ, ಅಂದರೆ ಒಂದೊಂದೇ ಕೋಶದ ಬಣ್ಣ ಓದುವ ಫ್ಲೋ ಸೈಟೊಮೀಟರಿಗೆ. ಬಫರಿನಲ್ಲಿ ಕ್ಯಾಲ್ಸಿಯಂ ಇರಬೇಕು. ಅದಿಲ್ಲದೆ ಅನೆಕ್ಸಿನ್ ಅಂಟುವುದಿಲ್ಲ. ಟ್ರಿಪ್ಸಿನ್ ಜೊತೆ ಬಂದ ಇಡಿಟಿಎ ಉಳಿದರೆ ಕ್ಯಾಲ್ಸಿಯಂ ಅನ್ನು ಅದೇ ನುಂಗುತ್ತದೆ. ಎರಡು ಸಲ ತೊಳೆಯಿರಿ.

ಬಣ್ಣದಲ್ಲೂ ಮೋಸ ಇದೆ. ಡಾಕ್ಸೊರುಬಿಸಿನ್, ಕೀಮೋ ವಾರ್ಡಿನಲ್ಲಿ ಕಾಣುವ ಆ ಕೆಂಪು ಔಷಧಿ, ತಾನೇ ಕೆಂಪಾಗಿ ಹೊಳೆಯುತ್ತದೆ. ಅದನ್ನು ಹಾಕಿದ ಕೋಶವೆಲ್ಲ ಪ್ರೊಪಿಡಿಯಂ ಹಿಡಿದ ಹಾಗೆ ಕಾಣುತ್ತದೆ. ಅರಿಶಿನದ ಕರ್ಕ್ಯುಮಿನ್ ಹಸಿರು ಕಡೆ ಹೊಳೆಯುತ್ತದೆ. ಬಣ್ಣ ಹಾಕದೆ, ಔಷಧಿ ಮಾತ್ರ ಹಾಕಿದ ಕೋಶವನ್ನೂ ಓಡಿಸಿ ನೋಡಿ. ಖಂಡಿತ ಸಾಯಲೇಬೇಕಾದ ಕಂಟ್ರೋಲ್‌ಗೆ ನಾನು ಸ್ಟಾರೊಸ್ಪೋರಿನ್ ಬಳಸುತ್ತೇನೆ.

ಇನ್ನು ಒಳಗಿನ ತಂತಿಗಳು. ಸಾಯುವ ಆಜ್ಞೆ ಎರಡು ಕಡೆಯಿಂದ ಬರುತ್ತದೆ. ಹೊರಗಿನಿಂದ ಬಂದರೆ ಪೊರೆಯ ಮೇಲಿನ ಸಾವಿನ ಗ್ರಾಹಕಗಳು ಅದನ್ನು ಹಿಡಿದು ಕ್ಯಾಸ್ಪೇಸ್-8 ಅನ್ನು ಎಬ್ಬಿಸುತ್ತವೆ. ಕ್ಯಾಸ್ಪೇಸ್ ಅಂದರೆ ಬೇರೆ ಪ್ರೊಟೀನುಗಳನ್ನು ಕಡಿಯುವ ಕಿಣ್ವ. ಒಳಗಿನಿಂದ ಬಂದರೆ, ಅಂದರೆ ಡಿಎನ್‌ಎ ಮುರಿದಾಗ, ಪಿ53 ಎದ್ದು ಬ್ಯಾಕ್ಸ್, ಪೂಮಾ ಮುಂತಾದವನ್ನು ಹೆಚ್ಚು ಮಾಡುತ್ತದೆ. ಬ್ಯಾಕ್ಸ್ ಮತ್ತು ಬ್ಯಾಕ್ ಮೈಟೊಕಾಂಡ್ರಿಯಾದ ಹೊರಗೋಡೆಗೆ ತೂತು ಹಾಕುವವರು. ಬಿಸಿಎಲ್-2 ಅವರ ಕೈ ಹಿಡಿದು ತಡೆಯುವವನು. ತೂತಾದರೆ ಸೈಟೊಕ್ರೋಮ್ ಸಿ ಹೊರಗೆ ಸೋರುತ್ತದೆ. ಆಪಾಫ್-1 ಅನ್ನುವ ಪ್ರೊಟೀನು ಅದನ್ನು ಹಿಡಿದು, ಏಳು ಸೇರಿ ಬಂಡಿಯ ಗಾಲಿಯ ಹಾಗೆ ಚಕ್ರ ಕಟ್ಟುತ್ತವೆ. ಆ ಗಾಲಿಯ ಮೇಲೆ ಕ್ಯಾಸ್ಪೇಸ್-9 ಎದ್ದು ಕೂರುತ್ತದೆ. 8 ಇರಲಿ 9 ಇರಲಿ, ಕೊನೆಗೆ ಎಬ್ಬಿಸುವುದು ಕೆಲಸಗಾರರಾದ 3 ಮತ್ತು 7ನ್ನು. ಕಲ್ಲು ಕೀಳುವವರು ಅವರೇ.

ಇಲ್ಲಿ ನನ್ನ ಪೆದ್ದುತನ ಹೇಳಲೇಬೇಕು. ಮೊದಲ ವರ್ಷ ಎಂಸಿಎಫ್-7ನಲ್ಲಿ ಕ್ಯಾಸ್ಪೇಸ್-3 ನೋಡಲು ವೆಸ್ಟರ್ನ್ ಬ್ಲಾಟ್ ಹಾಕಿದೆ, ಪ್ರೊಟೀನು ಇದ್ದರೆ ಪಟ್ಟಿಯಾಗಿ ತೋರಿಸುವ ಪರೀಕ್ಷೆ. ಪಟ್ಟಿ ಬರಲಿಲ್ಲ. ಪ್ರೊಟೀನು ಹೆಚ್ಚಿಸಿದೆ, ಬರಲಿಲ್ಲ. ಆಂಟಿಬಾಡಿ ಕೆಟ್ಟಿದೆ ಅಂತ ಬೇರೆ ತರಿಸಿದೆ. ಮೂವತ್ತು ಸಾವಿರದ ಮೇಲೆ ಹೋಯಿತು. ಅದೂ ಬರಲಿಲ್ಲ. ಡಿಎನ್‌ಎ ಏಣಿ ನೋಡೋಣ ಅಂತ ಜೆಲ್ ಓಡಿಸಿದೆ. ಅಪೊಪ್ಟೋಸಿಸ್‌ನಲ್ಲಿ ಡಿಎನ್‌ಎ ಸುಮಾರು 180 ಜೋಡಿಗಳ ಅಳತೆಗೆ ತುಂಡಾಗಿ ಜೆಲ್ ಮೇಲೆ ಏಣಿಯ ಮೆಟ್ಟಿಲಿನ ಹಾಗೆ ಕಾಣಬೇಕು. ಮೆಟ್ಟಿಲೂ ಇಲ್ಲ. ಎರಡು ತಿಂಗಳು ಹೀಗೇ ಹೋಯಿತು. ಆಮೇಲೆ ಲೈಬ್ರರಿಯಲ್ಲಿ 1998ರ ಒಂದು ಲೇಖನ ಸಿಕ್ಕಿತು. ಎಂಸಿಎಫ್-7ಗೆ ಕ್ಯಾಸ್ಪೇಸ್-3 ಇಲ್ಲವೇ ಇಲ್ಲ! ಆ ಜೀನಿನಲ್ಲಿ 47 ಅಕ್ಷರ ಹಾರಿಹೋಗಿದೆ. ಸಾಯುವಾಗ ಅದು ಏಣಿಯನ್ನೂ ಹಾಕುವುದಿಲ್ಲ. ಇಲ್ಲದ ಆಳನ್ನು ಹುಡುಕಿಕೊಂಡು ಊರೆಲ್ಲ ತಿರುಗಿದ್ದೆ.

ಹಾಗಾದರೆ ಎಂಸಿಎಫ್-7 ಸಾಯುವುದು ಹೇಗೆ? ಕ್ಯಾಸ್ಪೇಸ್-7 ಇದೆಯಲ್ಲ. ಅದನ್ನು ನೋಡಿ. ಅದರ ಜೊತೆ ಪಾರ್ಪ್ ನೋಡಿ. ಪಾರ್ಪ್ ಡಿಎನ್‌ಎ ರಿಪೇರಿ ಮಾಡುವ ಪ್ರೊಟೀನು, 116 ಕಿಲೊಡಾಲ್ಟನ್. ಕ್ಯಾಸ್ಪೇಸ್ ಕಡಿದರೆ 89ರ ಪಟ್ಟಿ ಕೆಳಗೆ ಮೂಡುತ್ತದೆ. ಎಂಸಿಎಫ್-7ನಲ್ಲೂ ಮೂಡುತ್ತದೆ. ಎಂಡಿಎ-ಎಂಬಿ-231ನಲ್ಲಿ ಕ್ಯಾಸ್ಪೇಸ್-3 ಇದೆ, ಅಲ್ಲಿ ಎರಡನ್ನೂ ನೋಡಿ. ಬರೀ ಬ್ಯಾಕ್ಸ್ ಜಾಸ್ತಿ, ಬಿಸಿಎಲ್-2 ಕಡಿಮೆ ಅಂತ ಎರಡು ಪಟ್ಟಿ ತೋರಿಸಿ ಅಪೊಪ್ಟೋಸಿಸ್ ಅನ್ನುವವರು ಬಹಳ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಗುದ್ದಲಿ ತಂದರು ಅಂದರೆ ಮನೆ ಬಿಚ್ಚಿದರು ಅಂತಲ್ಲ. ಕಡಿದ ಪಾರ್ಪ್ ಅಂದರೆ ಕಿತ್ತ ಕಲ್ಲು. ಅದನ್ನು ತೋರಿಸಿ.

ಇದೆಲ್ಲಕ್ಕಿಂತ ಗಟ್ಟಿ ಸಾಕ್ಷಿ ಬೇರೆ. ತಡೆದು ನೋಡುವುದು. ಔಷಧಿ ಹಾಕುವ ಒಂದು ಗಂಟೆ ಮೊದಲು ಜೆಡ್-ವ್ಯಾಡ್ ಹಾಕಿ, 20 ಮೈಕ್ರೊಮೋಲಾರ್. ಅದು ಎಲ್ಲ ಕ್ಯಾಸ್ಪೇಸ್‌ಗಳ ಬಾಯಿ ಕಟ್ಟುತ್ತದೆ. ಆಗ ಕೋಶ ಬದುಕಿದರೆ ಸಾವು ಕ್ಯಾಸ್ಪೇಸ್ ದಾರಿಯದ್ದು. ಆದರೂ ಸತ್ತರೆ ಬೇರೆ ದಾರಿ ಹುಡುಕಿ.

ಆ ಬೇರೆ ದಾರಿಗಳನ್ನು ಬೇಗ ಹೇಳಿಬಿಡುತ್ತೇನೆ. ನೆಕ್ರೊಪ್ಟೋಸಿಸ್‌ನಲ್ಲಿ ರಿಪ್‌ಕೆ-1, ರಿಪ್‌ಕೆ-3, ಎಂಎಲ್‌ಕೆಎಲ್ ಸೇರಿ ಬೇಕೆಂದೇ ಗೋಡೆ ಒಡೆಯುತ್ತವೆ. ನೆಕ್ರೋಸ್ಟಾಟಿನ್-1 ಅದನ್ನು ತಡೆಯುತ್ತದೆ. ಸ್ತನ ಕ್ಯಾನ್ಸರಿನ ಹಲವು ಕೋಶಸಾಲುಗಳಲ್ಲಿ ರಿಪ್‌ಕೆ-3 ಜೀನನ್ನು ಮುಚ್ಚಿಟ್ಟಿರುವುದರಿಂದ ಈ ದಾರಿಯೇ ಬಂದ್ ಆಗಿರುತ್ತದೆ, ಮೊದಲು ಅದನ್ನು ನೋಡಿಕೊಳ್ಳಿ. ಫೆರೊಪ್ಟೋಸಿಸ್‌ಗೆ 2012ರಲ್ಲಿ ಹೆಸರು ಬಂತು. ಕಬ್ಬಿಣದ ನೆರವಿನಿಂದ ಪೊರೆಯ ಕೊಬ್ಬು ಕಮಟಾಗುವುದು. ಹಳೆ ಶೇಂಗಾ ಎಣ್ಣೆಯ ವಾಸನೆ ನೆನಪಿಸಿಕೊಳ್ಳಿ, ಅದೇ ರಸಾಯನ. ಜಿಪಿಎಕ್ಸ್-4 ಅನ್ನುವ ಕಾವಲುಗಾರ ಇದನ್ನು ತಡೆಯುತ್ತಿರುತ್ತದೆ. ಪ್ರಯೋಗದಲ್ಲಿ ತಡೆಯಲು ಫೆರೊಸ್ಟಾಟಿನ್-1. ಟ್ರಿಪಲ್ ನೆಗೆಟಿವ್ ಕೋಶಗಳು ಇದಕ್ಕೆ ಹೆಚ್ಚು ಬಗ್ಗುತ್ತವೆ, ಹಾಗಾಗಿ ಈಗ ಎಲ್ಲರ ಕಣ್ಣು ಇದರ ಮೇಲೆ. ಆಟೊಫೇಜಿ ಅಂದರೆ ಕೋಶ ತನ್ನದನ್ನೇ ತಿನ್ನುವುದು. ಆಟೊಫೇಜಿಯ ಗುರುತಾದ ಎಲ್‌ಸಿ3 ಪ್ರೊಟೀನಿನ ಪಟ್ಟಿ ಜಾಸ್ತಿಯಾಯಿತು ಅಂತ ಅದನ್ನು ಸಾವು ಅನ್ನಬೇಡಿ. ಎಷ್ಟೋ ಸಲ ಅದು ಬದುಕುವ ಉಪಾಯ. ಬರಗಾಲದಲ್ಲಿ ಬಿತ್ತನೆ ಜೋಳ ಬೇಯಿಸಿ ತಿಂದ ಹಾಗೆ.

ಮನೆಯವರಿಗೆ, ನೆಂಟರಿಗೆ ಒಂದು ಮಾತು. ನಾನು ಏನು ಕೆಲಸ ಮಾಡುತ್ತೇನೆ ಅಂತ ಗೊತ್ತಾದ ಮೇಲೆ ಫೋನು ಬರುತ್ತಿರುತ್ತವೆ. ಕಳೆದ ಸಲ ಊರಿಂದ ಸೋದರತ್ತೆ. "ಯವ್ವಾ, ಸೀತಾಫಲದ ತಪ್ಪಲಾ ಕುದಿಸಿ ಕುಡಿದ್ರ ಎದೀ ಗಂಟು ಕರಗ್ತದಂತ, ಖರೇ ಏನು?" ಖರೆ ಅಲ್ಲ ಅತ್ತೆ. ಪ್ಲೇಟಿನಲ್ಲಿ ಕೋಶದ ತಲೆ ಮೇಲೆ ಸುರಿಯುವುದು ಬೇರೆ, ಹೊಟ್ಟೆಗೆ ಕುಡಿಯುವುದು ಬೇರೆ. ಕೆರಿಬಿಯನ್‌ನ ಗ್ವಾಡಲೂಪ್ ದ್ವೀಪದಲ್ಲಿ ಸೀತಾಫಲದ ಕುಟುಂಬದ್ದೇ ಆದ ಲಕ್ಷ್ಮಣಫಲ ಮತ್ತು ಅದರ ಎಲೆಯ ಕಷಾಯವನ್ನು ವರ್ಷಗಟ್ಟಲೆ ಸೇವಿಸಿದವರಲ್ಲಿ ಪಾರ್ಕಿನ್ಸನ್ ಥರದ ಕಾಯಿಲೆಯ ನಂಟು ಕಂಡಿದೆ. ಮೈಟೊಕಾಂಡ್ರಿಯಾ ಮಿದುಳಿನಲ್ಲೂ ಇದೆಯಲ್ಲ. ಗಂಟು ಕಂಡರೆ ಮೊದಲು ಡಾಕ್ಟರು, ಬಯಾಪ್ಸಿ. ಅತ್ತೆಯನ್ನು ಮರುದಿನವೇ ಕಲಬುರಗಿಗೆ ಕರೆಸಿ ತೋರಿಸಿದೆ. ಪುಣ್ಯಕ್ಕೆ ಕ್ಯಾನ್ಸರ್ ಅಲ್ಲದ ಗಂಟು.

ಹುಡುಗಿಯ ಪ್ಲೇಟಿಗೆ ಬರೋಣ. ತೇಲಿದ ಕೋಶಗಳನ್ನೂ ಸೇರಿಸಿ ಅನೆಕ್ಸಿನ್ ಮಾಡಿದೆವು. 24 ಗಂಟೆಗೆ ಎಂಟಿಟಿ ಅರ್ಧಕ್ಕಿಂತ ಕೆಳಗೆ, ಆದರೆ ಕೋಶಗಳಲ್ಲಿ ಹೆಚ್ಚಿನವು ಬದುಕಿವೆ. ಶಟರ್ ಇಳಿಸಿ ಕೂತಿದ್ದವು. 48 ಗಂಟೆಗೆ, ಜಾಸ್ತಿ ಡೋಸಿನಲ್ಲಿ ಮಾತ್ರ, ಹಸಿರು ಏರಿತು, ಪಾರ್ಪ್‌ನ 89ರ ಪಟ್ಟಿಯೂ ಮಸುಕಾಗಿ ಬಂತು. ಜೆಡ್-ವ್ಯಾಡ್ ಹಾಕಿದಾಗ ಒಂದಷ್ಟು ಉಳಿದವು, ಎಲ್ಲವೂ ಅಲ್ಲ. ಅವಳ ವರದಿಯಲ್ಲಿ "ಸೀತಾಫಲ ಸ್ತನ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ" ಅಂತ ಇದ್ದ ಸಾಲನ್ನು ಅವಳೇ ಹೊಡೆದು ಹಾಕಿದಳು. ಅದರ ಜಾಗದಲ್ಲಿ ಡೋಸು, ಗಂಟೆ, ಕೋಶಸಾಲಿನ ಹೆಸರು ಸೇರಿ ನಾಲ್ಕು ಸಾಲು ಬಂದವು. ಓದಲು ಅಷ್ಟೇನೂ ಚೆಂದ ಇಲ್ಲ. ಈಗ ಎಂಡಿಎ-ಎಂಬಿ-231 ಮೇಲೆ ಅದೇ ಪ್ಲೇಟು ಹಾಕಿದ್ದಾಳೆ, ಈ ಸಲ ಫೆರೊಸ್ಟಾಟಿನ್ ಸಾಲೂ ಇದೆ. ಸೋಮವಾರ ಓದಬೇಕು, ಮಧ್ಯಾಹ್ನ ಕರೆಂಟು ಹೋಗುವುದರೊಳಗೆ.